ಅಲುಗಾಡದ ಚೌಕಗಳು

೧೧ ಜುಲೈ ೨೦೦೪, ರವಿವಾರ. ಬಂಗೂರನಗರ

ಅವ್ವನನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಇಂದಿಗೆ ಐದು ದಿನ. ಹೊಟ್ಟೆಯ ಗಡ್ಡೆ ಈಗ ಬೇರೆ ಕಡೆಗೂ ಹಬ್ಬಿದೆಯಂತೆ. ಏನು ಬೇಕೋ ತಿನ್ನಲಿ ಎಂದರು. ಡಾಕ್ಟರು ಹಾಗೆ ಹೇಳಿದರೆ ಏನರ್ಥ ಎಂಬುದು ದಾರಿಹೋಕನಿಗೂ ಗೊತ್ತು. ಅಪ್ಪ ಮಾತ್ರ ಅದನ್ನು ಶುಭಸುದ್ದಿ ಎಂದು ತಿಳಿದು ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಕಿಲೋ ಪೇಢೆ ಕೊಂಡ. ನಾನು ತಿದ್ದಲು ಹೋಗಲಿಲ್ಲ.

ಈ ಡೈರಿ ಶುರುಮಾಡಿದ್ದು ಪ್ರಯೋಗದ ಅಂಕಿಗಳನ್ನು ಗುರುತಿಡಲಿಕ್ಕೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ್ದರಿಂದ ಬೇರೆಯದೂ ಇದರೊಳಗೆ ಸೇರುತ್ತಿದೆ.

ನನ್ನ ಕೆಲಸ ಇಷ್ಟು. ವಿಡಿಯೊ ಕುಗ್ಗಿಸುವ ಹೊಸ ಪದ್ಧತಿಯೊಂದು ಬಂದಿದೆ. ಚಿತ್ರ ತೀರ ಚಿಕ್ಕ ಜಾಗದಲ್ಲಿ ಹಿಡಿಸುತ್ತದೆ, ಆದರೆ ಕುಗ್ಗಿಸುವಷ್ಟರಲ್ಲಿ ಕಂಪ್ಯೂಟರಿನ ಪ್ರಾಣ ಹೋಗುತ್ತದೆ. ಒಂದೊಂದು ಚಿತ್ರವನ್ನೂ ಚೌಕ ಚೌಕವಾಗಿ ಕತ್ತರಿಸಿ, ಪ್ರತಿ ಚೌಕವೂ ಹಿಂದಿನ ಚಿತ್ರದಲ್ಲಿ ಎಲ್ಲಿತ್ತು, ಎಲ್ಲಿಂದ ಸರಿದು ಬಂತು ಎಂದು ಹುಡುಕಬೇಕು. ಹತ್ತು ಸೆಕೆಂಡಿನ ಚಿತ್ರಕ್ಕೆ ನನ್ನ ಯಂತ್ರ ಒಂದೂವರೆ ತಾಸು ತಿನ್ನುತ್ತದೆ. ನನ್ನ ಉಪಾಯವೇನೆಂದರೆ, ಹೆಚ್ಚುಕಡಿಮೆ ಮೊದಲಿನಂತೆಯೇ ಇರುವ ಚೌಕವನ್ನು ಹುಡುಕುವ ಉಸಾಬರಿಗೇ ಹೋಗಬಾರದು. ಹಿಂದಿನದನ್ನೇ ಮತ್ತೆ ತೋರಿಸಿ ಮುಂದೆ ಸಾಗಬೇಕು. ಹೆಚ್ಚುಕಡಿಮೆ ಅಂದರೆ ಎಷ್ಟು ಎಂಬುದಕ್ಕೆ ಒಂದು ಮಿತಿ ಇಟ್ಟಿದ್ದೇನೆ. ಮಿತಿ ಏರಿಸಿದಷ್ಟೂ ಕೆಲಸ ಬೇಗ.

ಹಳಿಯಾಳದ ಕಾಲೇಜಿನಲ್ಲಿ ಪಾಠ ಮುಗಿಸಿ, ಬಸ್ಸಿನಲ್ಲಿ ನೇತಾಡಿ ಮನೆಗೆ ಬಂದು, ಐದು ವರ್ಷದಿಂದ ಈ ಹೊರಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದೇನೆ. ಪಿಎಚ್‌ಡಿ ಮುಗಿಯುವುದು ಇನ್ನೊಂದು ಪ್ರಬಂಧದ ಮೇಲೆ ನಿಂತಿದೆ. ಆಗಸ್ಟ್ ಹದಿನಾಲ್ಕು ಕೊನೆಯ ದಿನ.

ಇಂದಿನ ಸಮಯದ ಉಳಿತಾಯ: ನೂರಕ್ಕೆ ಐವತ್ತೆಂಟು.

೧೮ ಜುಲೈ, ರವಿವಾರ

ತಂಗಿ ನಿರ್ಮಲಾ ಕ್ಯಾಸಲ್‌ರಾಕ್‌ನಿಂದ ಫೋನ್ ಮಾಡಿದ್ದಳು. ಅವಳ ಗಂಡ ದೇವರಾಜ ಅಲ್ಲಿಯ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದಾನೆ. ಅವಳಿಗೀಗ ಏಳು ತಿಂಗಳು. ಹಿಂದೆ ಎರಡು ಸಲ ಕೂಸು ನಿಲ್ಲಲಿಲ್ಲವಾದ್ದರಿಂದ ಈ ಸಲ ಹಾಸಿಗೆ ಬಿಟ್ಟು ಏಳಲೇಬಾರದು ಎಂದಿದ್ದಾರೆ. ರಾಮನಗರ, ಜೋಯಿಡಾ ದಾಟಿ ಇಲ್ಲಿಗೆ ಬರುವ ರಸ್ತೆಯಲ್ಲಿ ಗಟ್ಟಿಮುಟ್ಟಾದವರ ಕರುಳೇ ಜಾಗ ಬದಲಿಸುತ್ತದೆ. ಅವಳು ಬರುವ ಮಾತೇ ಇಲ್ಲ.

ಅವ್ವನಿಗೆ ಫೋನಿನಿಂದ ಏನು ಪ್ರಯೋಜನ? ಅವಳು ಹುಟ್ಟಿನಿಂದ ಕಿವಿ ಕೇಳದವಳು. ಬಾಯಿಮಾತೂ ಇಲ್ಲ, ಓದುಬರಹವೂ ಇಲ್ಲ. ಅವಳ ಮಾತೆಲ್ಲ ಕೈಯಲ್ಲಿ. ಅದು ಯಾವ ಶಾಲೆಯಲ್ಲೂ ಕಲಿಸುವ ಸನ್ನೆಯಲ್ಲ, ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದದ್ದು. ಜಗತ್ತಿನಲ್ಲಿ ಅದನ್ನು ಬಲ್ಲವರು ನಾಲ್ಕೇ ಜನ. ನಾವು ಅದಕ್ಕೆ ಕೈಮಾತು ಅನ್ನುತ್ತೇವೆ. ಅದರಲ್ಲಿ ಪ್ರತಿಯೊಬ್ಬರಿಗೂ ಹೆಸರಿದೆ. ಮುಂಗೈಗಳನ್ನು ಒಂದರ ಮೇಲೊಂದು ಉರುಳಿಸಿದರೆ ಮಿಲ್ಲಿನಲ್ಲಿ ಕಾಗದದ ಸುರುಳಿ ಸುತ್ತುವ ಅಪ್ಪ. ಎರಡೂ ಹೆಗಲ ಮೇಲೆ ಬೆರಳಿಳಿಸಿದರೆ ಎರಡು ಜಡೆಯ ನಿರ್ಮಲಾ.

ನಿರ್ಮಲಾ ಅಪ್ಪನೊಂದಿಗೆ ಮಾತಾಡಿದಳು. ಅಪ್ಪ ರಿಸೀವರನ್ನು ಹೆಗಲಿಗೆ ಒತ್ತಿಕೊಂಡು ಅವಳ ಮಾತನ್ನು ಅವ್ವನಿಗೆ ಕೈಯಲ್ಲಿ ಹೇಳಿದ. ಅವ್ವ ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಅವಳಿಗೆ ಹೇಳಿದ. ಕಡೆಗೆ ಫೋನು ನನ್ನ ಕೈಗೆ ಬಂತು.

"ಅಣ್ಣಾ, ಅಪ್ಪ ಅರ್ಧಾ ನುಂಗಿ ಹೇಳ್ತಾನ. ನಂಗ ಅವ್ವನ ಕೈ ನೋಡಬೇಕು. ಏನರ ಮಾಡು."

ವಿಡಿಯೊದಲ್ಲಿ ಡಾಕ್ಟರ್ ಆಗಹೊರಟ ಅಣ್ಣನಿಗೆ ಇದೇನು ದೊಡ್ಡದು? ಮಾಡುತ್ತೇನೆ ಎಂದೆ.

೩೧ ಜುಲೈ, ಶನಿವಾರ

ಉಳಿತಾಯ ಅರವತ್ತೇಳಕ್ಕೆ ಬಂತು. ಅವ್ವ ಈಗ ಗಂಜಿ ಮಾತ್ರ. ಹಗಲಲ್ಲಿ ಪಕ್ಕದ ಕ್ವಾರ್ಟರ್ಸಿನ ಸುಶೀಲವ್ವ ಬಂದು ನೋಡಿಕೊಳ್ಳುತ್ತಾಳೆ. ಕೈಮಾತು ಬಾರದಿದ್ದರೂ ಇಬ್ಬರೂ ಅದು ಹೇಗೋ ನಗುತ್ತಿರುತ್ತಾರೆ.

೬ ಆಗಸ್ಟ್, ಶುಕ್ರವಾರ

ಗೈಡ್ ಸಾಹೇಬರ ಪತ್ರ. ಎಲ್ಲರೂ ಬಳಸುವ ಅವೇ ನಾಲ್ಕು ಮಾದರಿ ಚಿತ್ರಗಳ ಮೇಲೆ ಪರೀಕ್ಷೆ ಮಾಡಿದರೆ ಸಾಲದು, ನೀವೇ ತೆಗೆದ ಉದ್ದನೆಯದೊಂದು ಇರಲಿ ಎಂದಿದ್ದಾರೆ. ಎಂಟು ದಿನದಲ್ಲಿ! ಬಸ್ಸಿನಲ್ಲಿ ಬರುವಾಗ ಹೊಳೆಯಿತು. ನಿರ್ಮಲಾಗೆ ಅವ್ವನ ವಿಡಿಯೊ ತೆಗೆಯುವುದು ಹೇಗೂ ಬಾಕಿಯಿದೆ. ಹೊರಕೋಣೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತ ಮುದುಕಿ, ಹಿಂದೆ ಬಿಳಿ ಗೋಡೆ. ನನ್ನ ವಿಧಾನಕ್ಕೆ ಇದಕ್ಕಿಂತ ಅನುಕೂಲದ ದೃಶ್ಯ ಎಲ್ಲಿ ಸಿಕ್ಕೀತು? ಸ್ವಾಮಿಕಾರ್ಯದ ಜೊತೆಗೆ ಸ್ವಕಾರ್ಯ.

ದಾಂಡೇಲಿ ಪೇಟೆಯಲ್ಲಿ ಸ್ಟುಡಿಯೊ ಇಟ್ಟಿರುವ ಕುಬೇರನ ಕ್ಯಾಮೆರಾ ಎರಡು ದಿನಕ್ಕೆ ಕೇಳಿದೆ. ಕ್ಯಾಸೆಟ್ಟೂ ಅವನದೇ. ಮದುವೆ ಹಂಗಾಮು ಮುಗಿದಿದ್ದರಿಂದ ಕೊಟ್ಟ.

೮ ಆಗಸ್ಟ್, ರವಿವಾರ

ತೆಗೆದೆ. ಇಪ್ಪತ್ತು ನಿಮಿಷ.

ಅಪ್ಪ ಮೊದಲ ಪಾಳಿಗೆ ಹೋಗಿದ್ದ. ಸುಶೀಲವ್ವ ಅವ್ವನ ತಲೆ ಬಾಚಿ, ಹಸಿರು ಇಳಕಲ್ ಸೀರೆ ಉಡಿಸಿ ಹೋದಳು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇದರೊಳಗೆ ನಿರ್ಮಲಾ ಇದ್ದಾಳೆ, ಏನು ಹೇಳಬೇಕೋ ಹೇಳು ಎಂದು ಅವ್ವನಿಗೆ ತಿಳಿಸಿದೆ. ಅವಳಿಗೆ ಅರ್ಥವಾಯಿತು. ನೀನು ಎಲ್ಲಿ ಕೂಡ್ರುತ್ತಿ ಎಂದು ಕೇಳಿದಳು. ಇಲ್ಲೇ ಇರುತ್ತೇನೆ ಎಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ನಾನು ಕುರ್ಚಿ ತಿರುಗಿಸಿಕೊಂಡು ಪ್ರಬಂಧದ ಪಟ್ಟಿಗಳನ್ನು ತುಂಬುತ್ತ ಕೂತೆ. ಆರು ದಿನ ಉಳಿದಿರುವವನು ಸುಮ್ಮನೆ ಕೂಡುವುದು ಹೇಗೆ? ಕ್ಯಾಮೆರಾ ನೋಡುತ್ತಿತ್ತಲ್ಲ.

ಅವ್ವ ಚಪ್ಪಾಳೆ ತಟ್ಟಿದಾಗ ತಿರುಗಿದೆ. ಆಯಿತೆ ಎಂದು ಕೇಳಿದೆ. ಆಯಿತು ಎಂದಳು. ಬೆವತಿದ್ದಳು. ನೀರು ಕೊಟ್ಟೆ, ಎರಡು ಗುಟುಕು ಕುಡಿದಳು.

೧೦ ಆಗಸ್ಟ್, ಮಂಗಳವಾರ

ನೂರಕ್ಕೆ ಎಂಬತ್ತು! ಅವ್ವನ ವಿಡಿಯೊದ ಮೇಲೆ ಎಂಬತ್ತು. ಯಾವ ಮಾದರಿ ಚಿತ್ರವೂ ಇಷ್ಟು ಕೊಟ್ಟಿರಲಿಲ್ಲ. ಹಳೆಯ ರೀತಿಯಲ್ಲಿ ಪೂರ್ತಿ ಹುಡುಕಿದ್ದರೆ ಏಳೂವರೆ ದಿನ ಹಿಡಿಯುತ್ತಿತ್ತು, ನನ್ನದು ಒಂದೂವರೆ ದಿನದಲ್ಲಿ ಮುಗಿಸಿತು. ಹೋಲಿಕೆಗೆಂದು ಮೊದಲ ಹತ್ತು ಸೆಕೆಂಡನ್ನು ಮಾತ್ರ ಹಳೆಯ ರೀತಿಯಲ್ಲೂ ಕುಗ್ಗಿಸಿದೆ. ಗುಣಮಟ್ಟದ ಅಂಕಿ ಕೂದಲೆಳೆಯಷ್ಟು ಇಳಿದಿದೆ. ಗೋಡೆ, ದಿಂಬು, ಸೀರೆ ಎಲ್ಲ ಗಾಜಿನಷ್ಟು ಸ್ವಚ್ಛ.

ಅದನ್ನೇ ಟೀವಿಯ ಸೀಡಿ ಪ್ಲೇಯರ್ ಒಪ್ಪುವ ಹಾಗೆ ಮಾಡಿ ನಿರ್ಮಲಾಗೆಂದು ಒಂದು ಸೀಡಿ ಬರೆದೆ. ಸೀಡಿ ನಾನು ಮಾಡಿಕೊಡುತ್ತೇನೆ ಎಂದು ಕುಬೇರ ಹೇಳಿದ್ದ. "ನಮ್ಮ ಕಡೆ ಸೀಡಿ ಮಾಡೂ ಕಾರ್ಡ್ ಐತ್ರಿ ಸರ್, ಇಪ್ಪತ್ ನಿಮಿಷದ್ದು ಇಪ್ಪತ್ ನಿಮಿಷದಾಗ ಆಗ್ತೈತಿ." ನನ್ನ ಅವ್ವನನ್ನು ಕುಗ್ಗಿಸಲು ನನಗೆ ಇನ್ನೊಬ್ಬರ ಕಾರ್ಡು ಬೇಕೆ ಎಂದು ನಕ್ಕುಬಿಟ್ಟೆ.

ಡಿಸ್ಕ್ ತುಂಬಿದ್ದರಿಂದ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಮೂಲವನ್ನು ಅಳಿಸಿದೆ. ಕ್ಯಾಮೆರಾ, ಕ್ಯಾಸೆಟ್ ಎರಡನ್ನೂ ಕುಬೇರನಿಗೆ ಮುಟ್ಟಿಸಿದೆ.

೧೪ ಆಗಸ್ಟ್, ಶನಿವಾರ

ಪ್ರಬಂಧ ಕಳಿಸಿದೆ. ಅವ್ವನದು ಎರಡನೆಯ ಪಟ್ಟಿಯ ಕೊನೆಯ ಸಾಲು. ದೇವರಾಜ ರಜೆ ಸಿಕ್ಕಾಗ ಬಂದು ಸೀಡಿ ಒಯ್ಯುತ್ತಾನಂತೆ.

ಅವ್ವ ನಿನ್ನೆಯಿಂದ ಗಂಜಿಯನ್ನೂ ಬಿಟ್ಟಿದ್ದಾಳೆ.

೧೯ ಆಗಸ್ಟ್, ಗುರುವಾರ

ಅವ್ವ ಹೋದಳು. ಬೆಳಿಗ್ಗೆ ಹತ್ತೂವರೆಗೆ. ನಾನು ಹಳಿಯಾಳದಲ್ಲಿ ಕ್ಲಾಸಿನಲ್ಲಿದ್ದೆ.

೨೪ ಆಗಸ್ಟ್, ಮಂಗಳವಾರ

ನಿರ್ಮಲಾಳನ್ನು ಯಾರೂ ಕರೆತರಲಿಲ್ಲ. ಫೋನಿನಲ್ಲಿ ಅವಳು ಅಳಲೂ ಇಲ್ಲ. ಸೀಡಿ ಯಾವಾಗ ಕಳಿಸುತ್ತೀ ಎಂದು ಕೇಳಿದಳು, ಅಷ್ಟೇ.

ಮಣ್ಣು ಮಾಡುವಾಗ ನಡೆದದ್ದನ್ನು ಬರೆಯಬಾರದು ಎಂದಿದ್ದೆ. ಬರೆಯದೆ ಇರಲಾಗುತ್ತಿಲ್ಲ. ಎಲ್ಲರೂ ಮಣ್ಣು ಹಾಕಲು ಅಣಿಯಾದಾಗ ಅಪ್ಪ ಕುಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಅವ್ವನಿಗೆ ಕೈಮಾತಿನಲ್ಲಿ ಏನೋ ಹೇಳತೊಡಗಿದ. ಬಂಧುಗಳು ಅವನಿಗೆ ತಲೆ ಕೆಟ್ಟಿತೆಂದುಕೊಂಡರು. ನನಗೆ ಗೊತ್ತಿತ್ತು. ಅವನು ಹೇಳುತ್ತಿದ್ದದ್ದು ಇಷ್ಟೇ: ಕಣ್ಣು ತೆಗಿ, ಕಣ್ಣು ತೆಗಿ. ಅವಳು ಕಣ್ಣು ಮುಚ್ಚಿದ್ದರೆ ಅವನು ಹೇಳುವುದು ಅವಳಿಗೆ ಮುಟ್ಟುವುದಿಲ್ಲವಲ್ಲ. ನಾನೇ ಹೋಗಿ ಅವನ ಎರಡೂ ಕೈ ಹಿಡಿದು ಎಬ್ಬಿಸಿದೆ. ಆಮೇಲೆ ಅನ್ನಿಸಿತು, ಕೈ ಹಿಡಿದದ್ದೆಂದರೆ ಅವನ ಬಾಯಿ ಮುಚ್ಚಿದ ಹಾಗೆ.

೨೯ ಆಗಸ್ಟ್, ರವಿವಾರ

ನಾಳೆ ದೇವರಾಜ ಬರುತ್ತಾನೆಂದು ಸೀಡಿ ಸರಿಯಿದೆಯೋ ಇಲ್ಲವೋ ಎಂದು ಹಾಕಿ ನೋಡಿದೆ. ಪೂರ್ತಿ ನೋಡುತ್ತಿರುವುದು ಇದೇ ಮೊದಲು. ಇಷ್ಟು ದಿನ ನೋಡಿದ್ದು ಅಂಕಿಗಳನ್ನು.

ಅವ್ವನ ಮುಖವಿದೆ. ಕಣ್ಣು, ಹುಬ್ಬು, ತಲೆ ಎಲ್ಲ ಆಡುತ್ತವೆ. ಕೈಗಳು ಮಡಿಲಲ್ಲಿವೆ. ಆಡುತ್ತಿಲ್ಲ.

ಮೊದಲು ಅವಳು ಸುಮ್ಮನೆ ಕೂತಿದ್ದಾಳೆ ಅಂದುಕೊಂಡೆ. ಆಮೇಲೆ ಒಂದು ಬೆರಳು ಇದ್ದಕ್ಕಿದ್ದಂತೆ ಬೇರೆ ಜಾಗದಲ್ಲಿ ಕಾಣಿಸಿ ಅಲ್ಲೇ ನಿಂತಿತು. ಅರ್ಧ ನಿಮಿಷಕ್ಕೆ ಇನ್ನೊಂದು. ಹಿಂದಕ್ಕೆ ಹೋಗಿ ಮತ್ತೆ ನೋಡಿದೆ. ಅವಳು ಇಪ್ಪತ್ತು ನಿಮಿಷವೂ ಮಾತಾಡುತ್ತಿದ್ದಾಳೆ. ನಡುವೆ ಕೆಲವು ಸಲ ತಲೆ ಮುಟ್ಟಿಕೊಂಡದ್ದು ಬಿಟ್ಟರೆ, ತೋಳೆತ್ತಲು ಶಕ್ತಿಯಿಲ್ಲದೆ, ಮಡಿಲಲ್ಲೇ, ಬೆರಳಿನ ತುದಿಯಲ್ಲಿ. ಬಾಯಿಮಾತಿನವರು ಹಾಸಿಗೆ ಹಿಡಿದಾಗ ಪಿಸುಗುಟ್ಟುವಂತೆ ಅವಳು ಪಿಸುಗುಟ್ಟಿದ್ದಾಳೆ. ನನ್ನ ಮಿತಿಗೆ ಆ ಪಿಸುಮಾತು ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಬಿಟ್ಟು ಮುಂದೆ ಸಾಗಿದೆ.

ಆ ಎಂಬತ್ತರಲ್ಲಿ ಇದೂ ಸೇರಿದೆ.

೩೦ ಆಗಸ್ಟ್, ಸೋಮವಾರ

ದೇವರಾಜನಿಗೆ ಸೀಡಿ ಕೆಟ್ಟಿದೆ, ಬೇರೆ ಬರೆದು ಕಳಿಸುತ್ತೇನೆ ಎಂದೆ. ಅವನು ನಂಬಿದ. ಬೆಳಿಗ್ಗೆ ಎದ್ದವನೇ ಕುಬೇರನ ಹತ್ತಿರ ಓಡಿದ್ದೆ. ಆ ಕ್ಯಾಸೆಟ್ಟಿನಲ್ಲಿ ಈಗ ಮುಂಡಗೋಡ ಕಡೆಯ ಪಾಳಾ ಊರಿನವರ ಸೀಮಂತವಿದೆ. ಅವನ ತಪ್ಪೇನಿಲ್ಲ. ಆದರೂ ಒಮ್ಮೆ ಹಾಕಿ ತೋರಿಸು ಎಂದೆ. ಇಬ್ಬರೂ ಕೂತು ಯಾರದೋ ಬಸುರಿಗೆ ಹಸಿರು ಬಳೆ ತೊಡಿಸುವುದನ್ನು ಕೊನೆಯವರೆಗೆ ನೋಡಿದೆವು. ಬಳೆಗಾರ್ತಿಯ ಕೈ ಎಷ್ಟು ಹಗುರ. ಬಳೆ ಏರಿಸುವ ಮೊದಲು ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಸಮಾಧಾನ ಮಾಡುತ್ತಾಳೆ.

೪ ಸೆಪ್ಟೆಂಬರ್, ಶನಿವಾರ

ಅಳಿಸಿದ ಕಡತವನ್ನು ಮರಳಿ ತರುವ ಸಾಫ್ಟ್‌ವೇರ್‌ಗಳೆಲ್ಲ ಆದವು. ಆ ಜಾಗದ ಮೇಲೆ ನನ್ನದೇ ಪ್ರಯೋಗಗಳು ಕೂತಿವೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಳೆಯ ರೀತಿಯಲ್ಲಿ ಕುಗ್ಗಿಸಿದ ಹತ್ತು ಸೆಕೆಂಡು ಮಾತ್ರ ಉಳಿದಿದೆ. ಅದರಲ್ಲಿ ಪ್ರತಿಯೊಂದು ಬೆರಳೂ ಸರಿಯಾಗಿ ಕಾಣುತ್ತದೆ. ಅವ್ವ ಇನ್ನೂ ಮಾತು ಶುರುಮಾಡಿಲ್ಲ. ಕ್ಯಾಮೆರಾದ ಪಕ್ಕಕ್ಕೆ, ನಾನಿದ್ದ ಕಡೆ, ನೋಡುತ್ತಿದ್ದಾಳೆ.

ಕಂಪ್ಯೂಟರ್ ಮೇಜನ್ನು ತಿರುಗಿಸಿಟ್ಟೆ. ಕಿಟಕಿಯ ಬೆಳಕು ಪರದೆಗೆ ಹೊಡೆಯುತ್ತಿತ್ತು. ಈಗ ಕೂತರೆ ಎದುರಿಗೆ ಮಂಚ, ಅಪ್ಪ.

೧೩ ಸೆಪ್ಟೆಂಬರ್, ಸೋಮವಾರ

ನಿರ್ಮಲಾಗೆ ನಿನ್ನೆ ಹೆಣ್ಣುಮಗು. ಇಬ್ಬರೂ ಸುಖ. ಅಪ್ಪ ನನಗೆ ಸುದ್ದಿಯನ್ನು ಕೈಯಲ್ಲಿ ಹೇಳಿದ. ಬಾಯಲ್ಲಿ ಹೇಳಬಹುದಿತ್ತು. ನಾನೂ ಕೈಯಲ್ಲೇ ಉತ್ತರ ಕೊಟ್ಟೆ. ಎಷ್ಟು ತೂಕ ಎಂದು ಕೇಳಲು ಹೋಗಿ ತಡವರಿಸಿದೆ. ಅಪ್ಪ ನನ್ನ ಬೆರಳು ತಿದ್ದಿದ.

೧೭ ಸೆಪ್ಟೆಂಬರ್, ಶುಕ್ರವಾರ

ಪ್ರಬಂಧ ಒಪ್ಪಿಗೆಯಾಗಿದೆ. ಗೈಡ್ ಸಾಹೇಬರು ಫೋನ್ ಮಾಡಿ ಅಭಿನಂದಿಸಿದರು. ಕಣ್ಣಿಗೆ ಕಾಣುವಂಥ ನಷ್ಟವೇನೂ ಇಲ್ಲ ಎಂದು ಪರೀಕ್ಷಕರು ಬರೆದಿದ್ದಾರಂತೆ. ಎರಡನೆಯ ಪಟ್ಟಿಯ ಕೊನೆಯ ಸಾಲನ್ನು ವಿಶೇಷವಾಗಿ ಮೆಚ್ಚಿದ್ದಾರಂತೆ.

ಥ್ಯಾಂಕ್ಸ್ ಸರ್ ಎಂದೆ.

೨೨ ಸೆಪ್ಟೆಂಬರ್, ಬುಧವಾರ

ನಿರ್ಮಲಾ ಮತ್ತೆ ಫೋನ್ ಮಾಡಿದಳು. ರವಿವಾರ ನಾನೇ ಬರುತ್ತೇನೆ ಎಂದೆ.

ಸುಳ್ಳು ಹೇಳುವುದೆಂದು ತೀರ್ಮಾನಿಸಿದ್ದೇನೆ. ಸೀಡಿ ಕೆಟ್ಟಿತು, ಆದರೆ ಅವ್ವ ಹೇಳುವಾಗ ನಾನು ಎದುರಿಗೇ ಕೂತು ನೋಡುತ್ತಿದ್ದೆ, ಎಲ್ಲ ನೆನಪಿದೆ ಎನ್ನುವುದು. ಹಸಿಬಾಣಂತಿಗೆ ನಿಜ ಹೇಳಿ ಎದೆಹಾಲು ಬತ್ತಿಸುವುದಕ್ಕಿಂತ ಇದು ವಾಸಿ. ಅವ್ವ ಏನು ಹೇಳಿಯಾಳು? ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಚ್ಚಿಕೋ, ತಣ್ಣೀರು ಮುಟ್ಟಬೇಡ, ನನ್ನ ಜೀವವೆಲ್ಲ ನಿನ್ನ ಹತ್ತಿರವೇ ಇದೆ. ಕನ್ನಡಿಯ ಮುಂದೆ ನಿಂತು ಮೂರು ದಿನದಿಂದ ಅಭ್ಯಾಸ ಮಾಡುತ್ತಿದ್ದೇನೆ. ಅವ್ವನಂತೆ ತಲೆ ಓರೆ ಮಾಡುವುದು ಬಂತು.

೨೬ ಸೆಪ್ಟೆಂಬರ್, ರವಿವಾರ. ಕ್ಯಾಸಲ್‌ರಾಕ್

ಮಧ್ಯಾಹ್ನ ಮುಟ್ಟಿದೆ. ದೇವರಾಜ ಡ್ಯೂಟಿಗೆ ಹೋಗಿದ್ದ. ನಿರ್ಮಲಾ ತಲೆಗೆ ಬಟ್ಟೆ ಕಟ್ಟಿಕೊಂಡು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಕೂಸಿನ ಕಿವಿಯ ಹತ್ತಿರ ಚಿಟಿಕೆ ಹೊಡೆದು, ಅದು ಬೆಚ್ಚಿದ್ದನ್ನು ನನಗೆ ತೋರಿಸಿ ನಕ್ಕಳು. ಹಾಗೇ ಕಣ್ಣು ತುಂಬಿಕೊಂಡಳು.

ನಾನು ನನ್ನ ಸುಳ್ಳು ಶುರುಮಾಡಿದೆ. ಬಾಯಲ್ಲಿ ಬೇಡ, ಅವ್ವ ಹೇಳಿದ ಹಾಗೆ ಕೈಯಲ್ಲೇ ಹೇಳು ಎಂದಳು. ಎದುರಿಗೆ ಕೂತು, ತಲೆ ಓರೆ ಮಾಡಿ, ಎರಡೂ ಹೆಗಲ ಮೇಲೆ ಬೆರಳಿಳಿಸಿ ಅವಳನ್ನು ಕರೆದೆ. ಅವಳು ಕೈ ಮುಂದೆ ಮಾಡಿ ನನ್ನನ್ನು ತಡೆದಳು.

"ಅವ್ವ ಹಿಂಗಂದ್ಲೇನು?"

ಹೌದು ಎಂದೆ.

"ನನ್ನ ಮದುವಿ ಆದಾಗಿಂದ ಅವ್ವ ನನಗ ಜಡಿ ಅಂದಿಲ್ಲಣ್ಣಾ. ಇದು ನನ್ನ ಹೆಸರು." ಒಂದು ಮುಂಗೈಯನ್ನು ಅತ್ತಿತ್ತ ಆಡಿಸಿ ತೋರಿಸಿದಳು. ದೇವರಾಜನ ಹಸಿರು ನಿಶಾನೆ. "ನಾಕು ವರ್ಷಾತು. ಸುಳ್ಳು ಹೇಳೂ ಅಷ್ಟು ಸೈತ ನಿನಗ ಅವ್ವನ ಮಾತು ಬರಂಗಿಲ್ಲ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿಗೆದ್ದಿದ್ದರೆ ಚೆನ್ನಾಗಿತ್ತು. ನಾನು ಎಲ್ಲ ಹೇಳಿಬಿಟ್ಟೆ. ಮಿತಿ, ಎಂಬತ್ತು, ಕ್ಯಾಸೆಟ್, ಪಾಳಾದ ಸೀಮಂತ, ಎಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ನೀ ಅಲ್ಲೇ ಕೋಣ್ಯಾಗ ಇದ್ದೆಲ್ಲ. ನೋಡ್ಲಿಲ್ಲೇನು?"

ಇಲ್ಲ ಎಂದೆ. ಅವಳು ಕೂಸನ್ನು ತೊಟ್ಟಿಲಿಗೆ ಹಾಕಿ, ಸೀಡಿ ಕೊಡು, ಇದ್ದಷ್ಟು ನೋಡೋಣ ಎಂದಳು.

ಚೀಲದಲ್ಲಿ ತಂದಿದ್ದ ಸೀಡಿಯನ್ನು ಹಾಕಿ, ಟೀವಿಯ ಮುಂದೆ ಇಬ್ಬರೂ ನೆಲದ ಮೇಲೆ ಕೂತೆವು. ಅವ್ವ ನಗುತ್ತಾಳೆ, ಹುಬ್ಬೇರಿಸುತ್ತಾಳೆ, ಒಮ್ಮೊಮ್ಮೆ ತಲೆ ಅಲ್ಲಾಡಿಸುತ್ತಾಳೆ. ಮಡಿಲಲ್ಲಿ ಕೈಗಳು ಕಲ್ಲಾಗಿವೆ. ನಿರ್ಮಲಾ ಮುಖವನ್ನಷ್ಟೇ ನೋಡಿ ಓದಲು ಯತ್ನಿಸುತ್ತಿದ್ದಳು. ಹದಿನಾಲ್ಕನೆಯ ನಿಮಿಷಕ್ಕೆ ಅವ್ವ ಬಹಳ ಕಷ್ಟಪಟ್ಟು ಬಲಗೈ ಎತ್ತಿದಳು. ಅಷ್ಟು ದೊಡ್ಡ ಚಲನೆಯನ್ನು ನನ್ನ ವಿಧಾನವೂ ಬಿಡಲಾರದೆ ತೋರಿಸಿದೆ. ಕೈ ಹೆಡತಲೆಗೆ ಹೋಗಿ, ಎರಡು ಸಲ ಮೆಲ್ಲಗೆ ತಟ್ಟಿ, ಕೆಳಗಿಳಿಯಿತು. ತಲೆ ನೋಯುತ್ತಿತ್ತೇನೋ ಎಂದೆ.

ನಿರ್ಮಲಾ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಅದು ನಿನ್ನ ಹೆಸರು," ಎಂದಳು.

ಚಿಕ್ಕಂದಿನಲ್ಲಿ ನನ್ನ ಹುಬ್ಬಿನ ಗಾಯವೇ ನನ್ನ ಹೆಸರಾಗಿತ್ತು. ಅದನ್ನೇ ಹೇಳಿದೆ. ಅದು ಯಾವ ಕಾಲದ್ದು ಎಂದಳು. ಕಂಪ್ಯೂಟರ್ ಮನೆಗೆ ಬಂದ ವರ್ಷದಿಂದ ಅವ್ವ ನನ್ನನ್ನು ಹೀಗೆ ಕರೆಯುತ್ತಿದ್ದಳಂತೆ. ಅಪ್ಪನೂ ಹೀಗೇ ಅನ್ನುತ್ತಾನಂತೆ. ನನಗೆ ಗೊತ್ತೇ ಇರಲಿಲ್ಲ ಎಂದೆ.

"ನಿನ್ನ ಮುಂದ ನಿನ್ನ ಹೆಸರು ಯಾಕ ಹೇಳ್ತಾಳ? ಅಪ್ಪಗ, ನನಗ ಹೇಳುವಾಗ ಅಂತಿದ್ಲು. ಸಿಟ್ಟಲೆ ಅಲ್ಲಣ್ಣಾ, ನಕ್ಕೋತನ ಅಂತಿದ್ಲು. ದಿನಾ ಆಕಿಗೆ ಕಾಣತಿದ್ದದ್ದು ಅದೊಂದ."

ಸೀಡಿಯನ್ನು ಮತ್ತೆ ಮೊದಲಿನಿಂದ ಹಾಕಿದೆವು. ಹದಿನಾಲ್ಕನೆಯ ನಿಮಿಷದಲ್ಲಿ ಒಮ್ಮೆ, ಹದಿನಾರರಲ್ಲಿ ಒಮ್ಮೆ, ಕೊನೆಯ ಎರಡು ನಿಮಿಷದಲ್ಲಿ ಎರಡು ಸಲ. ತೋಳೆತ್ತಲು ಆಗದವಳು ಇಡೀ ವಿಡಿಯೊದಲ್ಲಿ ನಾಲ್ಕು ಸಲ ತೋಳೆತ್ತಿದ್ದಾಳೆ, ನಾಲ್ಕು ಸಲವೂ ನನ್ನ ಹೆಸರು ಹೇಳಲಿಕ್ಕೆ. ಹೇಳಿದ ಮೇಲೆ ಪ್ರತಿ ಸಲವೂ ನಾನು ಕೂತಿದ್ದ ಕಡೆ ಒಮ್ಮೆ ನೋಡಿ, ಕೈಯನ್ನು ಮಡಿಲಿಗೆ ಇಳಿಸುತ್ತಾಳೆ. ಅಲ್ಲಿ ಚೌಕಗಳು ನಿಂತುಬಿಡುತ್ತವೆ. ನನ್ನ ವಿಷಯ ಏನು ಹೇಳಿದಳೋ ಗೊತ್ತಿಲ್ಲ.